ಸೋತ ಕಾಲಿನ ಲೆಕ್ಕ, ಪೋಲಿಯೊ ಲೆಕ್ಕವಲ್ಲ

ಪಲ್ಸ್ ಪೋಲಿಯೊ ಭಾನುವಾರ ಹತ್ತಿರ ಬಂತೆಂದರೆ ವಾಟ್ಸ್ಆ್ಯಪ್‌ನಲ್ಲಿ ಅದೇ ಸಂದೇಶ ಓಡಾಡತೊಡಗುತ್ತದೆ: ಹನಿ ಹಾಕಲು ಶುರುಮಾಡಿದ ಮೇಲೆ ಲಕ್ವ ಹೊಡೆದ ಮಕ್ಕಳ ಸಂಖ್ಯೆ ಹಲವು ಪಟ್ಟು ಏರಿದೆ, ಸರ್ಕಾರದ ದಾಖಲೆಯೇ ಸಾಕ್ಷಿ, ಅಂತ. ದಾಖಲೆ ಇರುವುದು ನಿಜ. ಆದರೆ ಅದು ಯಾವುದರ ಲೆಕ್ಕ ಎಂದು ಓದು ಬಲ್ಲವರೂ ಕೇಳುವುದಿಲ್ಲ. ನನಗೆ ಸಿಟ್ಟು ಬರುವುದು ಅಲ್ಲೇ.

ಅದು ಎಎಫ್‌ಪಿ, ಅಂದರೆ ದಿಢೀರನೆ ಜೋತುಬೀಳುವ ಲಕ್ವದ ಲೆಕ್ಕ. 15 ವರ್ಷದೊಳಗಿನ ಯಾವುದೇ ಮಗುವಿನ ಕೈಯೋ ಕಾಲೋ ಇದ್ದಕ್ಕಿದ್ದಂತೆ ಬಲ ಕಳೆದುಕೊಂಡು ಜೋತುಬಿದ್ದರೆ, ಕಾರಣ ಏನೇ ಇರಲಿ, ವೈದ್ಯರು ವರದಿ ಮಾಡಬೇಕು. ಗಿಲಾನ್ ಬಾರೆ ಕಾಯಿಲೆ, ಬೆನ್ನುಹುರಿಯ ಉರಿಯೂತ, ಇಂಜೆಕ್ಷನ್ ಸೂಜಿ ನರಕ್ಕೆ ತಗುಲಿ ಆದ ಪೆಟ್ಟು, ಎಲ್ಲವೂ ಈ ಪಟ್ಟಿಗೆ ಬರುತ್ತವೆ. ಲಕ್ವ ಕಾಣಿಸಿದ 14 ದಿನದೊಳಗೆ, ಕನಿಷ್ಠ 24 ಗಂಟೆ ಅಂತರದಲ್ಲಿ, ಮಗುವಿನ ಮಲದ ಎರಡು ಮಾದರಿಗಳನ್ನು ಐಸ್‌ಪ್ಯಾಕ್ ನಡುವೆ ಇಟ್ಟು ಪ್ರಯೋಗಾಲಯಕ್ಕೆ ಕಳಿಸುತ್ತಾರೆ. ಪೋಲಿಯೊ ಹೌದೋ ಅಲ್ಲವೋ ತೀರ್ಮಾನವಾಗುವುದು ಅಲ್ಲಿ. ಪೋಲಿಯೊ ಸುಳಿವೇ ಇಲ್ಲದ ಊರಲ್ಲೂ ವರ್ಷಕ್ಕೆ ಲಕ್ಷ ಮಕ್ಕಳಲ್ಲಿ ಒಂದಾದರೂ ಇಂಥ ಪ್ರಕರಣ ಸಿಗಲೇಬೇಕು. ಸಿಗದಿದ್ದರೆ ಅಲ್ಲಿ ಯಾರೂ ಹುಡುಕುತ್ತಿಲ್ಲ ಎಂದರ್ಥ. ಭಾರತದಲ್ಲಿ ಹುಡುಕುವವರು ಹೆಚ್ಚಾದರು, ಸಿಕ್ಕಿದ್ದೂ ಹೆಚ್ಚಾಯಿತು. ಪೋಲಿಯೊ ಮಾತ್ರ 2009ರಲ್ಲಿ 741, 2010ರಲ್ಲಿ 42, 2011ರಲ್ಲಿ ಒಂದೇ ಒಂದು, ಹೌರಾದ ಪುಟ್ಟ ಹುಡುಗಿ. ಆಮೇಲೆ ಸಹಜವಾಗಿ ಹರಡುವ ‘ಕಾಡು’ ವೈರಸ್‌ನ ಪ್ರಕರಣವೇ ಇಲ್ಲ.

ಹನಿಯಿಂದ ಲಕ್ವ ಆಗುವುದೇ ಇಲ್ಲವೇ? ಆಗುತ್ತದೆ, ಅತಿ ಅಪರೂಪಕ್ಕೆ, ಸುಮಾರು 27 ಲಕ್ಷ ಮೊದಲ ಡೋಸ್‌ಗಳಲ್ಲಿ ಒಂದರಷ್ಟು. ಅದರಲ್ಲಿರುವುದು ದುರ್ಬಲಗೊಳಿಸಿದ ಜೀವಂತ ವೈರಸ್. ಇದನ್ನು ಯಾರೂ ಮುಚ್ಚಿಟ್ಟಿಲ್ಲ. ಅಪಾಯ ತಗ್ಗಿಸಲೆಂದೇ ಚುಚ್ಚುಮದ್ದನ್ನೂ ಸೇರಿಸಿ, 2016ರಲ್ಲಿ ಹನಿಯಿಂದ ಟೈಪ್ 2 ಪೋಲಿಯೊ ವೈರಸ್ ತೆಗೆದರು. ಲಸಿಕೆ ಕಡಿಮೆಯಾದ ಕಡೆ ಆ ದುರ್ಬಲ ವೈರಸ್ ಒಬ್ಬರಿಂದೊಬ್ಬರಿಗೆ ದಾಟುತ್ತಾ ಮತ್ತೆ ಬಲಿಯಬಹುದು. 2022ರಲ್ಲಿ ನ್ಯೂಯಾರ್ಕ್ ರಾಜ್ಯದಲ್ಲಿ ಹೀಗೆ ಬಲಿತ ವೈರಸ್‌ನಿಂದ ಲಕ್ವಕ್ಕೆ ತುತ್ತಾದ ಯುವಕ ಲಸಿಕೆಯನ್ನೇ ಹಾಕಿಸಿಕೊಂಡಿರಲಿಲ್ಲ.

ಹನಿ ಕುಡಿದರೆ ಮುಂದೆ ಮಕ್ಕಳಾಗುವುದಿಲ್ಲ ಎಂಬುದು ಶುದ್ಧ ಸುಳ್ಳು: 1995ರಿಂದೀಚೆಗೆ ಹನಿ ಕುಡಿದು ಬೆಳೆದವರೇ ಈಗ ತಮ್ಮ ಕೂಸುಗಳನ್ನು ಬೂತಿಗೆ ಎತ್ತಿಕೊಂಡು ಬರುತ್ತಿದ್ದಾರೆ.

ಸುಳ್ಳನ್ನು ಫಾರ್ವರ್ಡ್ ಮಾಡಿದವರು ಮರೆತುಬಿಡುತ್ತಾರೆ. ಅದಕ್ಕೆ ಬಾಗಿಲಲ್ಲಿ ನಿಂತು ಉತ್ತರ ಕೊಡಬೇಕಾದವಳು ಐಸ್‌ಬಾಕ್ಸ್ ಹೊತ್ತ ಆಶಾ ಕಾರ್ಯಕರ್ತೆ. ಹನಿ ಈಗಲೂ ಬೇಕು: ಪಾಕಿಸ್ತಾನ, ಅಫ್ಘಾನಿಸ್ತಾನಗಳಲ್ಲಿ ಕಾಡು ವೈರಸ್ ಇನ್ನೂ ಜೀವಂತವಾಗಿದೆ. ಅದು ಹೊಕ್ಕ ಸುಮಾರು ಇನ್ನೂರು ಜನರಲ್ಲಿ ಒಬ್ಬರಿಗಷ್ಟೇ ಲಕ್ವ. ಉಳಿದವರು ತಮಗೇ ತಿಳಿಯದೆ ಹರಡುತ್ತಾರೆ. ಆಶಾ ಕಾರ್ಯಕರ್ತೆ ಮನೆಮನೆ ಸುತ್ತುವುದು ಅದನ್ನು ತಡೆಯಲೆಂದೇ.