ಆಟಿಸಂ: ಸಹಾಯ ಮಾಡಲು ಬಂದವರ ಮೇಲೇ ಸಂಶಯ ಏಕೆ?

ಪ್ರತಿ ವರ್ಷ ಎಪ್ರಿಲ್ 2 ವಿಶ್ವ ಆಟಿಸಂ ಜಾಗೃತಿ ದಿನ. 2007ರ ಡಿಸೆಂಬರಿನಲ್ಲಿ ವಿಶ್ವಸಂಸ್ಥೆಯ ಮಹಾಸಭೆ ಇದನ್ನು ಘೋಷಿಸಿತು, 2008ರಿಂದ ಆಚರಣೆ ನಡೆಯುತ್ತಿದೆ. ನಮ್ಮ ಧರ್ಮಕೇಂದ್ರದ ಯುವಜನರು ಈ ದಿನದಂದು ಬಲಿಪೂಜೆಯ ನಂತರ ನೀಲಿ ರಿಬ್ಬನ್ ಹಂಚಿ, ಒಂದಿಷ್ಟು ಹಣ ಸಂಗ್ರಹಿಸಿ ಯಾವುದಾದರೂ ಆಟಿಸಂ ಸಂಸ್ಥೆಗೆ ಕಳುಹಿಸುವ ಆಲೋಚನೆ ಮಾಡಿದ್ದರು. ಉದ್ದೇಶ ಒಳ್ಳೆಯದೇ. ಆದರೆ ವಿದೇಶದಲ್ಲಿ ನರ್ಸ್ ಆಗಿರುವ ನಮ್ಮದೇ ವಾಳೆಯ ಹುಡುಗಿಯೊಬ್ಬಳು ವಿಷಯ ತಿಳಿದು ನನಗೆ ಫೋನ್ ಮಾಡಿದಳು. "ಟೀಚರ್, ನೀಲಿ ರಿಬ್ಬನ್ ಮಾತ್ರ ಬೇಡ. ಇಲ್ಲಿ ಆಟಿಸಂ ಇರುವವರೇ ಅದನ್ನು ಕಂಡರೆ ಮುಖ ತಿರುಗಿಸುತ್ತಾರೆ" ಎಂದಳು.

ನನಗೆ ಆಶ್ಚರ್ಯವಾಯಿತು. ಕುರುಡರಿಗೆ ಕುರುಡರ ಸಂಸ್ಥೆಯ ಮೇಲೆ ಸಿಟ್ಟು ಇರುತ್ತದೆಯೇ? ಇದೇ ಸಮಯದಲ್ಲಿ ನನ್ನ ಕ್ರೈಸ್ತ ಶಿಕ್ಷಣ ತರಗತಿಯ ಒಬ್ಬ ಹುಡುಗನ ತಾಯಿ, ಮಗನನ್ನು ನಗರದ ಒಂದು ಚಿಕಿತ್ಸಾ ಕೇಂದ್ರಕ್ಕೆ ಸೇರಿಸಬೇಕೋ ಬೇಡವೋ ಎಂದು ಕೇಳಿಕೊಂಡು ಬಂದಿದ್ದರು. ಹಾಗಾಗಿ ಕುಳಿತು ಓದಬೇಕಾಯಿತು. ಓದಿದ್ದನ್ನು ಇಲ್ಲಿ ಹಂಚಿಕೊಳ್ಳುತ್ತಿದ್ದೇನೆ.

ತಾಯಂದಿರ ಮೇಲೆ ಬಂದ ಅಪವಾದ

ಆಟಿಸಂ (ಸ್ವಲೀನತೆ) ಕಾಯಿಲೆಯಲ್ಲ, ಹುಟ್ಟಿನಿಂದಲೇ ಮೆದುಳು ಬೆಳೆಯುವ ರೀತಿಯಲ್ಲಿರುವ ವ್ಯತ್ಯಾಸ. 1943ರಲ್ಲಿ ಅಮೆರಿಕದ ಡಾ| ಲಿಯೊ ಕ್ಯಾನರ್ 11 ಮಕ್ಕಳ ಬಗ್ಗೆ ಬರೆದ ಲೇಖನದಿಂದ ಈ ಹೆಸರು ವೈದ್ಯರ ನಡುವೆ ನೆಲೆಯೂರಿತು. ಅನಂತರದ ಇಪ್ಪತ್ತು ವರ್ಷ ಬಹಳ ಕೆಟ್ಟವು. ತಾಯಿಯ ಪ್ರೀತಿ ತಣ್ಣಗಿದ್ದುದರಿಂದ ಮಗು ಹೀಗಾಯಿತು ಎಂಬ ವಾದ ಹಬ್ಬಿತು. "ರೆಫ್ರಿಜರೇಟರ್ ತಾಯಿ" ಎಂಬ ಮಾತೇ ಹುಟ್ಟಿಕೊಂಡಿತು. ಶಿಕಾಗೋದ ಬ್ರೂನೊ ಬೆಟಲ್‌ಹೈಮ್ 1967ರಲ್ಲಿ ಇದೇ ವಾದದ ದೊಡ್ಡ ಪುಸ್ತಕ ಬರೆದು ಪ್ರಸಿದ್ಧರಾದರು. ಮಗುವಿನ ಚಿಂತೆಯ ಜೊತೆಗೆ ಅಪರಾಧಿ ಎಂಬ ಹಣೆಪಟ್ಟಿಯನ್ನೂ ತಾಯಂದಿರು ಹೊರಬೇಕಾಯಿತು.

ಇದನ್ನು ಸುಳ್ಳೆಂದು ತೋರಿಸಿದವರಲ್ಲಿ ಬರ್ನಾರ್ಡ್ ರಿಮ್ಲೆಂಡ್ ಮುಖ್ಯರು. ಅವರು ಮನಶ್ಶಾಸ್ತ್ರಜ್ಞರು, ಆಟಿಸಂ ಇರುವ ಮಗನ ತಂದೆ ಕೂಡ. 1964ರಲ್ಲಿ ಅವರ ಪುಸ್ತಕ ಬಂತು, 1965ರಲ್ಲಿ ಹೆತ್ತವರ ಸಂಘಟನೆ ಆರಂಭವಾಯಿತು. ಆಟಿಸಂ ಸಂಸ್ಥೆಗಳನ್ನು ಕಟ್ಟಿದವರು ಹೆಚ್ಚಾಗಿ ನೊಂದ ಹೆತ್ತವರೇ. ಭಾರತದಲ್ಲಿಯೂ ಹಾಗೆಯೇ: ದೆಹಲಿಯ 'ಆಕ್ಷನ್ ಫಾರ್ ಆಟಿಸಂ' ಸಂಸ್ಥೆಯನ್ನು 1991ರಲ್ಲಿ ಆರಂಭಿಸಿದ ಮೆರ್ರಿ ಬರುವಾ ಒಬ್ಬ ತಾಯಿ. ಮುಂದೆ ಟೀಕೆಗಳನ್ನು ಓದುವಾಗ ಈ ಮಾತು ನೆನಪಿರಲಿ. ಅವರು ಲಾಭಕ್ಕಾಗಿ ಬಂದವರಲ್ಲ.

ಚಿಕಿತ್ಸೆಯ ಕಥೆ

ಆ ಕಾಲದ ಹೆತ್ತವರಿಗೆ ಮೊದಲ ಬಾರಿಗೆ ಭರವಸೆ ಕೊಟ್ಟವರು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದ (ಲಾಸ್ ಏಂಜಲಿಸ್) ಪ್ರೊ| ಇವಾರ್ ಲೋವಾಸ್. ಮಗುವಿನ ಮನಸ್ಸಿನೊಳಗೆ ಏನಿದೆ ಎಂದು ಹುಡುಕುವುದು ಬೇಡ, ಕಣ್ಣಿಗೆ ಕಾಣುವ ನಡವಳಿಕೆಯನ್ನು ತಿದ್ದೋಣ ಎಂಬುದು ಅವರ ದಾರಿ. ಕಲಿಸಬೇಕಾದದ್ದನ್ನು ಸಣ್ಣ ಸಣ್ಣ ತುಂಡುಗಳಾಗಿ ಮಾಡುವುದು, ಸರಿಯಾಗಿ ಮಾಡಿದರೆ ಬಹುಮಾನ ಕೊಡುವುದು, ನೂರಾರು ಸಲ ಮಾಡಿಸುವುದು. ಇಂದು 'ಎಬಿಎ' ಎಂಬ ಮೂರಕ್ಷರದಿಂದ ಕರೆಯಲಾಗುವ ವರ್ತನಾ ಚಿಕಿತ್ಸೆಯ ಬೇರು ಇಲ್ಲಿದೆ. 1987ರಲ್ಲಿ ಲೋವಾಸ್ ಪ್ರಕಟಿಸಿದ ಅಧ್ಯಯನದಲ್ಲಿ 19 ಪುಟ್ಟ ಮಕ್ಕಳಿಗೆ ವಾರಕ್ಕೆ 40 ಗಂಟೆ ತರಬೇತಿ ಕೊಡಲಾಗಿತ್ತು. ಅವರಲ್ಲಿ 9 ಮಂದಿ ಸಾಮಾನ್ಯ ಶಾಲೆಯ ಒಂದನೇ ತರಗತಿಯನ್ನು ಇತರ ಮಕ್ಕಳಂತೆಯೇ ಮುಗಿಸಿದರು ಎಂಬ ಸುದ್ದಿ ಲೋಕವೆಲ್ಲಾ ಹರಡಿತು. ಯಾವ ಮಗು ಯಾವ ಗುಂಪಿಗೆ ಎಂಬುದನ್ನು ಚೀಟಿ ಎತ್ತಿ ನಿರ್ಧರಿಸಿರಲಿಲ್ಲ ಎಂಬ ಆಕ್ಷೇಪ ಆಗಲೇ ಇತ್ತು, ಆದರೆ ಅದು ಅಷ್ಟಾಗಿ ಯಾರ ಕಿವಿಗೂ ಬೀಳಲಿಲ್ಲ.

ಇನ್ನೊಂದು ಮುಖವೂ ಇತ್ತು. 1965ರಲ್ಲಿ 'ಲೈಫ್' ಪತ್ರಿಕೆ ಲೋವಾಸ್ ಅವರ ಪ್ರಯೋಗಾಲಯದ ಚಿತ್ರಗಳನ್ನು ಪ್ರಕಟಿಸಿತು. ಮಗುವಿನ ಮುಖದ ಹತ್ತಿರ ಬಾಯಿಟ್ಟು ಗದರಿಸುವುದು, ಕೆನ್ನೆಗೆ ಹೊಡೆಯುವುದು, ನೆಲದ ಮೂಲಕ ವಿದ್ಯುತ್ ಆಘಾತ ಕೊಡುವುದು ಇವೆಲ್ಲ ಆಗ 'ಚಿಕಿತ್ಸೆ'ಯೇ ಆಗಿದ್ದವು.

ಅದು ಹಳೆಯ ಕಾಲ ಎಂದು ಬಿಟ್ಟುಬಿಡೋಣ ಎಂದರೆ ಹಾಗೂ ಇಲ್ಲ. ಅಮೆರಿಕದ ಮಸಾಚುಸೆಟ್ಸ್ ರಾಜ್ಯದ ಜಡ್ಜ್ ರೋಟೆನ್‌ಬರ್ಗ್ ಸೆಂಟರ್ ಎಂಬ ವಸತಿ ಕೇಂದ್ರದಲ್ಲಿ ಮೈಗೆ ಕಟ್ಟಿದ ಉಪಕರಣದಿಂದ ವಿದ್ಯುತ್ ಆಘಾತ ಕೊಡುವ ಪದ್ಧತಿ ಈ ಶತಮಾನದಲ್ಲಿಯೂ ಮುಂದುವರಿಯಿತು. ಇದು ಚಿತ್ರಹಿಂಸೆಗೆ ಸಮಾನ ಎಂದು ವಿಶ್ವಸಂಸ್ಥೆಯ ವಿಶೇಷ ವರದಿಗಾರ ಹುವಾನ್ ಮೆಂಡೆಸ್ 2013ರಲ್ಲಿ ಹೇಳಿದರು. ಅಮೆರಿಕದ ಔಷಧ ನಿಯಂತ್ರಣ ಇಲಾಖೆ 2020ರಲ್ಲಿ ಆ ಉಪಕರಣವನ್ನು ನಿಷೇಧಿಸಿತು, 2021ರಲ್ಲಿ ನ್ಯಾಯಾಲಯ ಆ ನಿಷೇಧವನ್ನು ರದ್ದು ಮಾಡಿತು. 2022ರ ಕೊನೆಯಲ್ಲಿ ಸಂಸತ್ತು ಕಾನೂನನ್ನೇ ತಿದ್ದಿತು, 2024ರಲ್ಲಿ ಇಲಾಖೆ ಮತ್ತೊಮ್ಮೆ ನಿಷೇಧದ ಪ್ರಸ್ತಾಪ ಮಂಡಿಸಿತು. ವರ್ತನಾ ಚಿಕಿತ್ಸಕರ ಅಂತಾರಾಷ್ಟ್ರೀಯ ಸಂಘವೇ 2022ರಲ್ಲಿ ಈ ಪದ್ಧತಿಯನ್ನು ವಿರೋಧಿಸಿದೆ ಎಂಬುದನ್ನೂ ಹೇಳಬೇಕು.

ಇಂದಿನ ಹೆಚ್ಚಿನ ಕೇಂದ್ರಗಳಲ್ಲಿ ಹೊಡೆತವಿಲ್ಲ. ಆಟವಿದೆ, ಸ್ಟಿಕರ್ ಇದೆ, ಚಾಕಲೇಟ್ ಇದೆ. ಹಾಗಿದ್ದರೂ ಚಿಕಿತ್ಸೆ ಪಡೆದು ದೊಡ್ಡವರಾದ ಅನೇಕರು ಇದು ಬೇಡ ಎನ್ನುತ್ತಾರೆ. ಅವರ ಆಕ್ಷೇಪ ಶಿಕ್ಷೆಯ ಬಗ್ಗೆ ಮಾತ್ರವಲ್ಲ, ಗುರಿಯ ಬಗ್ಗೆ. ಮಗು ಕೈ ಬೀಸುತ್ತದೆ, ಹಿಂದೆ ಮುಂದೆ ತೂಗುತ್ತದೆ. ನೋಡುವವರಿಗೆ ವಿಚಿತ್ರ, ಆದರೆ ಮಗುವಿಗೆ ಅದು ಗದ್ದಲದ ನಡುವೆ ತನ್ನನ್ನು ತಾನು ಸಮಾಧಾನಪಡಿಸಿಕೊಳ್ಳುವ ದಾರಿ. ಅದನ್ನು ನಿಲ್ಲಿಸಿದರೆ ಚಡಪಡಿಕೆ ಹೋಗುವುದಿಲ್ಲ, ಒಳಗೆ ಸೇರಿಕೊಳ್ಳುತ್ತದೆ. ಕಣ್ಣಿಗೆ ಕಣ್ಣಿಟ್ಟು ನೋಡುವುದು ಹಲವರಿಗೆ ಉರಿಯುವ ದೀಪವನ್ನು ನೋಡಿದಷ್ಟೇ ಕಷ್ಟ. ಆದರೂ "ನನ್ನ ಮುಖ ನೋಡು" ಎಂದು ದಿನಕ್ಕೆ ನೂರು ಸಲ ಅಭ್ಯಾಸ ಮಾಡಿಸಲಾಗುತ್ತಿತ್ತು. ಬೇಡ ಎಂದರೂ ದೊಡ್ಡವರು ಹೇಳಿದಂತೆ ಮಾಡಲೇಬೇಕು ಎಂದು ವರ್ಷಗಟ್ಟಲೆ ಕಲಿತ ಮಗು, ನಾಳೆ ಯಾರಾದರೂ ಅದರ ಮೈ ಮುಟ್ಟಿದರೆ ಬೇಡ ಎನ್ನುವುದು ಹೇಗೆ? ಈ ಪ್ರಶ್ನೆಗೆ ನನ್ನಲ್ಲಿ ಉತ್ತರವಿಲ್ಲ. ತನ್ನ ಸ್ವಭಾವವನ್ನು ಮರೆಮಾಚಿ ಬದುಕುವ ಶ್ರಮಕ್ಕೂ ಆತ್ಮಹತ್ಯೆಯ ಯೋಚನೆಗಳಿಗೂ ಸಂಬಂಧವಿದೆ ಎಂದು 2018ರಲ್ಲಿ ಬ್ರಿಟನಿನ ಸಂಶೋಧಕರು ವರದಿ ಮಾಡಿದ್ದಾರೆ.

ಇಲ್ಲಿ ನಾನೂ ತಪ್ಪೊಪ್ಪಿಕೊಳ್ಳಬೇಕು. ಆ ಹುಡುಗ ತರಗತಿಯಲ್ಲಿ ಕಿಟಕಿ ನೋಡುತ್ತಾ ಕೂರುತ್ತಿದ್ದಾಗ ನಾನೇ ಅವನ ಗಲ್ಲ ಹಿಡಿದು ನನ್ನ ಕಡೆ ತಿರುಗಿಸಿದ್ದೇನೆ. ಒಂದಲ್ಲ, ಹಲವು ಸಲ.

ಸಾಕ್ಷ್ಯದ ಮಾತು ಬಂದರೆ: 2020ರಲ್ಲಿ ಪುಟ್ಟ ಮಕ್ಕಳ ಚಿಕಿತ್ಸೆಗಳ ಕುರಿತ ಸುಮಾರು 150 ವರದಿಗಳನ್ನು ಒಟ್ಟುಗೂಡಿಸಿ ನೋಡಿದ ದೊಡ್ಡ ವಿಶ್ಲೇಷಣೆಯೊಂದು ಪ್ರಕಟವಾಯಿತು. ಹಳೆಯ ಮಾದರಿಯ ವರ್ತನಾ ಚಿಕಿತ್ಸೆಯ ಬಗೆಗಿನ ಹೆಚ್ಚಿನ ಅಧ್ಯಯನಗಳ ಗುಣಮಟ್ಟ ಕಡಿಮೆ, ಆಟ ಮತ್ತು ಸಹಜ ಮಾತುಕತೆಯ ಮೂಲಕ ಕಲಿಸುವ ವಿಧಾನಗಳಿಗೆ ಸ್ವಲ್ಪ ಉತ್ತಮ ಆಧಾರವಿದೆ ಎಂದು ಅದು ಹೇಳಿತು. ಚಿಕಿತ್ಸೆಯಿಂದ ಮಗುವಿಗೆ ಹಾನಿಯಾಯಿತೇ ಎಂದು ಹೆಚ್ಚಿನ ಅಧ್ಯಯನಗಳು ಗಮನಿಸಿಯೇ ಇಲ್ಲ ಎಂಬುದೂ ಮರುವರ್ಷ ಹೊರಬಂತು.

ನೀಲಿ ಬಣ್ಣದ ತಕರಾರು

ಈಗ ರಿಬ್ಬನಿನ ವಿಷಯ. 'ಆಟಿಸಂ ಸ್ಪೀಕ್ಸ್' ಅಮೆರಿಕದ ಅತಿ ದೊಡ್ಡ ಆಟಿಸಂ ಸಂಸ್ಥೆಗಳಲ್ಲೊಂದು. ಎನ್‌ಬಿಸಿ ಟಿವಿ ಸಂಸ್ಥೆಯ ಮುಖ್ಯಸ್ಥರಾಗಿದ್ದ ಬಾಬ್ ರೈಟ್ ಮತ್ತು ಅವರ ಪತ್ನಿ ಸುಜಾನ್, ಮೊಮ್ಮಗನಿಗೆ ಆಟಿಸಂ ಇದೆ ಎಂದು ತಿಳಿದ ನಂತರ 2005ರಲ್ಲಿ ಇದನ್ನು ಸ್ಥಾಪಿಸಿದರು. ಎಪ್ರಿಲ್ ತಿಂಗಳಲ್ಲಿ ಕಟ್ಟಡಗಳಿಗೆ ನೀಲಿ ದೀಪ ಹಾಕುವ ರೂಢಿ ಅವರಿಂದಲೇ ಹಬ್ಬಿದ್ದು. 2006ರಲ್ಲಿ ಅವರು ಹೊರತಂದ ಸಾಕ್ಷ್ಯಚಿತ್ರದಲ್ಲಿ ಒಬ್ಬ ತಾಯಿ, ಮಗಳೊಂದಿಗೆ ಕಾರನ್ನು ಸೇತುವೆಯಿಂದ ಕೆಳಗೆ ಬೀಳಿಸುವ ಯೋಚನೆ ತನಗೆ ಬಂದಿತ್ತು ಎನ್ನುತ್ತಾರೆ. ಮಗಳು ಅದೇ ಕೋಣೆಯಲ್ಲಿದ್ದಾಳೆ. 2009ರ ಇನ್ನೊಂದು ಚಿತ್ರದಲ್ಲಿ ಆಟಿಸಂ ಎಂಬುದೇ ಕಳ್ಳನ ದನಿಯಲ್ಲಿ, ನಿಮ್ಮ ಮಕ್ಕಳನ್ನು ಕದಿಯುತ್ತೇನೆ, ದಾಂಪತ್ಯ ಮುರಿಯುತ್ತೇನೆ, ಹಣ ಬರಿದು ಮಾಡುತ್ತೇನೆ ಎಂದು ಬೆದರಿಸುತ್ತದೆ. ಪ್ರತಿಭಟನೆ ಬಂದ ಮೇಲೆ ಸಂಸ್ಥೆ ಅದನ್ನು ತನ್ನ ಜಾಲತಾಣದಿಂದ ತೆಗೆಯಿತು.

ಇದಕ್ಕೂ ಮೊದಲು, 2007ರ ಡಿಸೆಂಬರಿನಲ್ಲಿ ನ್ಯೂಯಾರ್ಕಿನ ಒಂದು ವಿಶ್ವವಿದ್ಯಾನಿಲಯದ ಮಕ್ಕಳ ಅಧ್ಯಯನ ಕೇಂದ್ರ, ಅಪಹರಣಕಾರರ ಬೆದರಿಕೆ ಪತ್ರದ ರೀತಿಯ ಜಾಹೀರಾತುಗಳನ್ನು ಊರೆಲ್ಲಾ ಹಚ್ಚಿತ್ತು. ನಿಮ್ಮ ಮಗ ನಮ್ಮ ವಶದಲ್ಲಿದ್ದಾನೆ, ಸಹಿ: ಆಟಿಸಂ ಎಂಬ ಧಾಟಿ. ಆಟಿಸಂ ಇರುವವರೇ 2006ರಲ್ಲಿ ಕಟ್ಟಿಕೊಂಡಿದ್ದ, ಆರಿ ನೀಮನ್ ಅವರ ನೇತೃತ್ವದ ಪುಟ್ಟ ಸಂಘಟನೆ ಪತ್ರ ಬರೆದು, ಫೋನ್ ಮಾಡಿ, ಸಹಿ ಸಂಗ್ರಹಿಸಿತು. ಆ ತಿಂಗಳು ಮುಗಿಯುವುದರೊಳಗೆ ಕೇಂದ್ರ ಜಾಹೀರಾತನ್ನು ಹಿಂದೆಗೆದುಕೊಂಡಿತು.

ಅವರ ನೋವು ಅರ್ಥವಾಗುವಂಥದ್ದೇ. ಹಣ ಸಂಗ್ರಹಿಸಲು ಭಯ ಹುಟ್ಟಿಸಬೇಕು, ಭಯ ಹುಟ್ಟಿಸಲು ಆ ವ್ಯಕ್ತಿಯನ್ನೇ ವಿಪತ್ತು ಎಂದು ತೋರಿಸಬೇಕು. 'ಆಟಿಸಂ ಮಾತನಾಡುತ್ತದೆ' ಎಂಬ ಹೆಸರಿನ ಸಂಸ್ಥೆಯ ಆಡಳಿತ ಮಂಡಳಿಯಲ್ಲಿ ಆಟಿಸಂ ಇರುವ ಒಬ್ಬರೂ ಹತ್ತು ವರ್ಷ ಇರಲಿಲ್ಲ. ಅದರ ವಿಜ್ಞಾನ ಸಲಹಾ ಮಂಡಳಿಯಲ್ಲಿದ್ದ, ಸ್ವತಃ ಆಟಿಸಂ ಇರುವ ಲೇಖಕ ಜಾನ್ ಎಲ್ಡರ್ ರಾಬಿಸನ್ 2013ರಲ್ಲಿ ರಾಜೀನಾಮೆ ಕೊಟ್ಟರು. 2015ರ ಕೊನೆಗೆ ಇಬ್ಬರನ್ನು ಮಂಡಳಿಗೆ ಸೇರಿಸಿಕೊಳ್ಳಲಾಯಿತು, 2016ರಲ್ಲಿ ಸಂಸ್ಥೆಯ ಧ್ಯೇಯವಾಕ್ಯದಿಂದ 'ಗುಣಪಡಿಸುವುದು' ಎಂಬ ಪದವನ್ನು ತೆಗೆಯಲಾಯಿತು. ಬದಲಾವಣೆ ಆಗಿದೆ. ಕಳೆದುಹೋದ ವಿಶ್ವಾಸ ಮಾತ್ರ ಅಷ್ಟು ಬೇಗ ಮರಳಿಲ್ಲ.

"ಅವರಿಗೆ ಮಾತು ಬರುತ್ತದೆ, ನನ್ನ ಮಗನಿಗೆ ಬರುವುದಿಲ್ಲ. ಅವನು ತಲೆಯನ್ನು ಗೋಡೆಗೆ ಚಚ್ಚಿಕೊಳ್ಳುತ್ತಾನೆ. ಅವರು ಟೀಕೆ ಮಾಡಿ ಹೋಗುತ್ತಾರೆ, ರಾತ್ರಿ ಎಚ್ಚರ ಇರುವವಳು ನಾನು" ಎಂದು ಆ ತಾಯಿ ನನ್ನಲ್ಲಿ ಹೇಳಿದರು. ಈ ಮಾತನ್ನು ತಳ್ಳಿಹಾಕುವಂತಿಲ್ಲ. ಟೀಕಿಸುವವರಲ್ಲಿ ಮಾತು ಬಾರದವರೂ ಇದ್ದಾರೆ ಎಂಬುದೂ ನಿಜ. ಅಮೆರಿಕದ ಮೆಲ್ ಬ್ಯಾಗ್ಸ್ ಕಂಪ್ಯೂಟರಿನಲ್ಲಿ ಟೈಪ್ ಮಾಡಿ ಅದರ ದನಿಯ ಮೂಲಕ ಮಾತನಾಡುತ್ತಿದ್ದರು. ನೀರಿನ ಧಾರೆಯೊಂದಿಗೆ, ವಸ್ತುಗಳೊಂದಿಗೆ ತಾವು ನಡೆಸುವ ಸಂವಾದವನ್ನು ಅವರು 2007ರ ವಿಡಿಯೋದಲ್ಲಿ ತೋರಿಸಿದಾಗ ಲಕ್ಷಾಂತರ ಜನ ನೋಡಿದರು. ಅವರು 2020ರಲ್ಲಿ ತೀರಿಕೊಂಡರು. ಇನ್ನು ತಲೆ ಚಚ್ಚಿಕೊಳ್ಳುವುದರ ಹಿಂದೆ ಹಲ್ಲುನೋವೋ, ಹೊಟ್ಟೆನೋವೋ, ತಡೆಯಲಾಗದ ಶಬ್ದವೋ ಇರಬಹುದು. ಹೇಳಲು ಬಾರದ ಮಗುವಿನಲ್ಲಿ ಮೊದಲು ಅದನ್ನು ಹುಡುಕಬೇಕು.

ಹಾಗಾದರೆ ಯಾವ ಕೇಂದ್ರಕ್ಕೂ ಹೋಗಬಾರದೇ? ನಾನು ಹಾಗೆ ಹೇಳುವುದಿಲ್ಲ. ಹೋಗುವ ಮೊದಲು ಕೇಳಬೇಕು. ತರಬೇತಿಯ ಸಮಯದಲ್ಲಿ ತಾಯಿ ಒಳಗೆ ಕೂರಬಹುದೇ? ಮಗು ಅತ್ತರೆ, ಬೇಡ ಎಂದರೆ ನಿಲ್ಲಿಸುತ್ತೀರಾ? ಕೈ ಬೀಸುವುದನ್ನು ಬಿಡಿಸುತ್ತೀರಾ ಅಥವಾ ಶೌಚಕ್ಕೆ ಹೋಗಬೇಕು, ನೋವಾಗುತ್ತಿದೆ ಎಂದು ತಿಳಿಸುವ ದಾರಿ ಕಲಿಸುತ್ತೀರಾ? ಮಾತು ಬಾರದಿದ್ದರೆ ಚಿತ್ರದ ಕಾರ್ಡು, ಟ್ಯಾಬ್ಲೆಟ್ ಉಪಯೋಗಿಸುತ್ತೀರಾ? 'ಪೂರ್ತಿ ಗುಣ ಮಾಡುತ್ತೇವೆ' ಎಂದು ಯಾರಾದರೂ ಹೇಳಿದರೆ ಅಲ್ಲಿಂದ ಎದ್ದು ಬರುವುದೇ ಲೇಸು, ಮದ್ದಿನವರಾಗಲಿ ಪ್ರಾರ್ಥನೆಯವರಾಗಲಿ. ಸರಕಾರದ ಕಡೆಯಿಂದ ಸಿಗುವುದನ್ನೂ ಬಿಡಬೇಡಿ. ಆಟಿಸಂ 1999ರ ರಾಷ್ಟ್ರೀಯ ನ್ಯಾಸ ಕಾಯಿದೆಯಲ್ಲಿಯೂ 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯಲ್ಲಿಯೂ ಸೇರಿದೆ. 'ನಿರಾಮಯ' ವಿಮಾ ಯೋಜನೆ ಈ ಮಕ್ಕಳಿಗಾಗಿಯೂ ಇದೆ.

ನಮ್ಮ ಚರ್ಚುಗಳಲ್ಲಿ

ಫಾ| ಮ್ಯಾಥ್ಯೂ ಶ್ನೈಡರ್ ಎಂಬ ಧರ್ಮಗುರುಗಳು ತಮಗೆ ಆಟಿಸಂ ಇದೆ ಎಂದು 2019ರಲ್ಲಿ ಬಹಿರಂಗವಾಗಿ ಹೇಳಿಕೊಂಡರು. 2022ರಲ್ಲಿ ಆಟಿಸಂ ಇರುವವರ ಪ್ರಾರ್ಥನಾ ಜೀವನದ ಬಗ್ಗೆ ಪುಸ್ತಕವನ್ನೂ ಬರೆದರು. ದಿವಂಗತ ಪೋಪ್ ಫ್ರಾನ್ಸಿಸ್ 2014ರ ನವೆಂಬರಿನಲ್ಲಿ, ವ್ಯಾಟಿಕನ್ ಏರ್ಪಡಿಸಿದ್ದ ಆಟಿಸಂ ಸಮ್ಮೇಳನಕ್ಕೆ ಬಂದ ಕುಟುಂಬಗಳನ್ನು ಭೇಟಿ ಮಾಡಿ, ಅವರ ಒಂಟಿತನ ಮತ್ತು ಕಳಂಕವನ್ನು ಹೋಗಲಾಡಿಸಬೇಕೆಂದು ಕರೆ ಕೊಟ್ಟಿದ್ದರು.

ಪರಮಪ್ರಸಾದದ ವಿಷಯದಲ್ಲಿ ನಮ್ಮಲ್ಲಿ ಅನಗತ್ಯ ಹಿಂಜರಿಕೆ ಇದೆ. ಪ್ರಶ್ನೆಗಳಿಗೆ ಉತ್ತರ ಹೇಳಲು, ಪ್ರಾರ್ಥನೆ ಬಾಯಿಪಾಠ ಮಾಡಲು ಬಾರದ ಮಗುವನ್ನು ಮುಂದಿನ ವರ್ಷ ನೋಡೋಣ ಎಂದು ಕಳುಹಿಸುತ್ತೇವೆ. ಅಮೆರಿಕದ ಬಿಷಪರ ಮಂಡಳಿಯ ಮಾರ್ಗಸೂಚಿ (1995, ಪರಿಷ್ಕರಣೆ 2017) ಏನು ಹೇಳುತ್ತದೆಂದರೆ, ಕ್ರಿಸ್ತನ ಶರೀರಕ್ಕೂ ಸಾಮಾನ್ಯ ಆಹಾರಕ್ಕೂ ಇರುವ ವ್ಯತ್ಯಾಸ ತಿಳಿದಿದ್ದರೆ ಸಾಕು. ಆ ತಿಳುವಳಿಕೆ ಮಾತಿನಲ್ಲೇ ಬರಬೇಕೆಂದಿಲ್ಲ, ಹಾವಭಾವದಲ್ಲಿ, ಭಕ್ತಿಯ ಮೌನದಲ್ಲಿ ಕಂಡರೂ ಆಯಿತು. ಸಂದೇಹವಿದ್ದರೆ ಸ್ವೀಕರಿಸುವವರ ಹಕ್ಕಿನ ಪರವಾಗಿ ತೀರ್ಮಾನಿಸಬೇಕು. ಇದು ಅಲ್ಲಿನ ನಿಯಮ, ನಮ್ಮ ಧರ್ಮಗುರುಗಳೊಂದಿಗೆ ಮಾತನಾಡಲು ಆಧಾರವಾಗಬಹುದು.

ಉಳಿದದ್ದು ಸಣ್ಣ ಸಂಗತಿಗಳು. ವಾರ್ಷಿಕ ಹಬ್ಬದ ದಿನ ಬ್ಯಾಂಡು, ಗರ್ನಾಲು, ಗಂಟೆ ಎಲ್ಲ ಒಟ್ಟಿಗೆ ಮೊಳಗುವಾಗ ಆ ಹುಡುಗ ಕಿವಿ ಮುಚ್ಚಿಕೊಂಡು ಕಿರುಚುತ್ತಿದ್ದ. ಹಿಂದಿನ ಬೆಂಚಿನವರು "ಮಗುವನ್ನು ಹೀಗಾ ಬೆಳೆಸುವುದು" ಎನ್ನುತ್ತಿದ್ದರು. ಅರ್ಧ ಶತಮಾನದ ಹಿಂದಿನ ಅಪವಾದವೇ, ನಮ್ಮ ಭಾಷೆಯಲ್ಲಿ. ಈಗ ಗರ್ನಾಲು ಹೊತ್ತಿಸುವ ಮೊದಲು ಗುರಿಕಾರರು ಬಂದು ತಿಳಿಸುತ್ತಾರೆ, ಅವನು ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಮುಖಮಂಟಪದಲ್ಲಿ ನಿಲ್ಲುತ್ತಾನೆ. ಅವನ ಪ್ರಥಮ ಪರಮಪ್ರಸಾದ ವಾರದ ದಿನದ ಬೆಳಗ್ಗಿನ ಬಲಿಪೂಜೆಯಲ್ಲಿ, ಮೈಕ್ ಇಲ್ಲದೆ ಆಯಿತು. ಅದಕ್ಕೆ ಮೊದಲು ಎರಡು ತಿಂಗಳು ಅವನು ಅಭಿಷೇಕಿಸದ ಓಸ್ತಿಯ ಚೂರನ್ನು ನಾಲಗೆಯ ಮೇಲಿಟ್ಟು ಅಭ್ಯಾಸ ಮಾಡಿದ್ದ, ಅದರ ಸ್ಪರ್ಶ ಅವನಿಗೆ ಹಿಡಿಸುತ್ತಿರಲಿಲ್ಲ.

ನೀಲಿ ರಿಬ್ಬನ್ ಹಂಚಲಿಲ್ಲ. ಸಂಗ್ರಹವಾದ ಹಣವನ್ನು ಏನು ಮಾಡಬೇಕೆಂದು ಯುವಜನರು ಆ ತಾಯಿಯನ್ನೇ ಕೇಳಿದರು. ಅವರು ಕೇಳಿದ್ದು ತಿಂಗಳಿಗೆ ಎರಡು ಮಧ್ಯಾಹ್ನ ಮಗನ ಜೊತೆ ಇರಲು ಯಾರಾದರೂ ಬಂದರೆ ಸಾಕು ಎಂದು. ಚಿಕಿತ್ಸಾ ಕೇಂದ್ರದ ಬಗ್ಗೆ ಇನ್ನೂ ತೀರ್ಮಾನಿಸಿಲ್ಲ. ಮುಂದಿನ ವಾರ ಅಲ್ಲಿ ಒಂದು ದಿನ ಕೂತು ನೋಡಿ ಬರುತ್ತಾರಂತೆ, ಕೇಳಬೇಕಾದ ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆದುಕೊಂಡಿದ್ದಾರೆ.