ಅಯಸ್ಕಾಂತ ಹಿಡಿದು ಕಾರಿಗೊಂದು ಪ್ರದಕ್ಷಿಣೆ

ನಡುವೆ ತೂತಿರುವ ದುಂಡನೆಯ ಅಯಸ್ಕಾಂತ. ಕೆಟ್ಟ ಸ್ಪೀಕರ್ ಬಿಚ್ಚಿದರೂ ಸಿಗುವಂಥದ್ದು. ಅಮೆರಿಕದಲ್ಲಿ ಹಳೆಯ ಷೆವರ್ಲೆ ಕಾರ್ವೆಟ್ ಇಟ್ಟುಕೊಂಡವರು ಇದನ್ನು ಸ್ಪ್ಯಾನರ್, ಜ್ಯಾಕ್‌ಗಳ ಜತೆ ಜೋಪಾನ ಮಾಡುತ್ತಾರೆ. ಅವರ ಕಾರಿಗೆ ಅದರದೇ ಚಕ್ರಗಳ ಪರಿಚಯ ಮಾಡಿಸುವುದು ಈ ಅಯಸ್ಕಾಂತದ ಕೆಲಸ.

ಕಾರ್ವೆಟ್‌ನ ಐದನೇ ತಲೆಮಾರನ್ನು ಅದರ ಭಕ್ತರು ‘ಸಿ5’ ಎಂದು ಕರೆಯುತ್ತಾರೆ. 1997ರಿಂದ 2004ರವರೆಗಿನ ಮಾದರಿಗಳು ಇವು. ತಯಾರಾದದ್ದು ಕೆಂಟಕಿ ರಾಜ್ಯದ ಬೌಲಿಂಗ್ ಗ್ರೀನ್ ಎಂಬ ಊರಿನಲ್ಲಿ. ಮೂತಿಯಲ್ಲಿ 5.7 ಲೀಟರಿನ ವಿ8 ಎಂಜಿನ್, ಗೇರ್‌ಬಾಕ್ಸ್ ಮಾತ್ರ ಹಿಂದಿನ ಚಕ್ರಗಳ ಬಳಿ. ಡಿಕ್ಕಿ ತೆರೆದು ನೋಡಿದರೆ ಸ್ಟೆಪ್ನಿ ಇಲ್ಲ. ಇಡುವುದಾದರೂ ಯಾವುದನ್ನು? ಮುಂದಿನ ರಿಮ್ 17 ಇಂಚು, ಹಿಂದಿನದು 18. ಒಂದು ಸ್ಟೆಪ್ನಿ ಎರಡಕ್ಕೂ ಒಗ್ಗದು.

ಅದಕ್ಕೆ ಕಂಪನಿ ಕಂಡುಕೊಂಡ ದಾರಿ, ಗಾಳಿ ಪೂರ್ತಿ ಹೋದರೂ ಕುಸಿಯದ ಗುಡ್‌ಇಯರ್ ‘ರನ್-ಫ್ಲ್ಯಾಟ್’ ಟಯರು. ಅದರ ಪಕ್ಕದ ಗೋಡೆ ಎಷ್ಟು ಗಡುಸೆಂದರೆ, ಒಳಗೆ ಚೂರೂ ಗಾಳಿಯಿಲ್ಲದೆ ಗಂಟೆಗೆ 55 ಮೈಲಿ ವೇಗದಲ್ಲಿ ಸುಮಾರು 200 ಮೈಲಿ ಸಾಗಬಹುದು. ಇಲ್ಲೇ ಒಂದು ತಮಾಷೆಯಾಯಿತು. ಮಾಮೂಲಿ ಟಯರಾದರೆ ಗಾಳಿ ಇಳಿದಾಗ ಸ್ಟೀರಿಂಗ್ ಒಂದು ಕಡೆ ಎಳೆಯುತ್ತದೆ, ದಡಬಡ ಸದ್ದಾಗುತ್ತದೆ. ಈ ಟಯರು ಏನನ್ನೂ ಬಿಟ್ಟುಕೊಡುವುದಿಲ್ಲ. ಪಂಕ್ಚರ್ ಆದದ್ದೇ ಗೊತ್ತಾಗದೆ ಚಾಲಕ ನೂರು ಮೈಲಿ ವೇಗದಲ್ಲಿ ಹೋಗುತ್ತಿರಬಹುದು. ಹಾಗಾಗಿ ಒಳಗಿನ ಸಂಗತಿಯನ್ನು ಹೊರಗೆ ಹೇಳಲು ಪ್ರತಿ ಚಕ್ರದೊಳಗೂ ಒಂದೊಂದು ಸೆನ್ಸರ್ ಕೂರಿಸಬೇಕಾಯಿತು.

ಈ ಸೆನ್ಸರ್ ವಾಲ್ವಿನ ಬುಡಕ್ಕೆ ಅಂಟಿಕೊಂಡು ರಿಮ್ಮಿನ ಒಳಗೆ ಇರುತ್ತದೆ. ಅದರಲ್ಲಿ ಒತ್ತಡ ಅಳೆಯುವ ಚಿಪ್, ಪುಟ್ಟ ರೇಡಿಯೊ, ಒಂದು ಲಿಥಿಯಂ ಬ್ಯಾಟರಿ. ಕಾರು ನಿಂತಾಗ ಹೆಚ್ಚುಕಡಿಮೆ ನಿದ್ದೆ. ಚಕ್ರ ಉರುಳಿದಾಗ ಎಚ್ಚೆತ್ತು ಆಗಾಗ ತನ್ನ ಸಂಖ್ಯೆಯನ್ನೂ ಗಾಳಿಯ ಒತ್ತಡವನ್ನೂ ಕೂಗಿ ಹೇಳುತ್ತದೆ. ಕೀಲಿಯ ರಿಮೋಟ್ ಒತ್ತಿದರೆ ಕೇಳಿಸಿಕೊಳ್ಳುವ ಪೆಟ್ಟಿಗೆಯೇ ಇದನ್ನೂ ಕೇಳಿಸಿಕೊಳ್ಳುತ್ತದೆ. ತಣ್ಣಗಿರುವಾಗ ಇರಬೇಕಾದದ್ದು 30 ಪಿಎಸ್ಐ. 25ಕ್ಕಿಂತ ಇಳಿದರೆ ಡ್ಯಾಶ್‌ಬೋರ್ಡಿನಲ್ಲಿ ಎಚ್ಚರಿಕೆ ಬರುತ್ತದೆ. ಬೇಸಿಗೆಯ 30 ಡಿಗ್ರಿ ಸೆಲ್ಸಿಯಸ್‌ನಲ್ಲಿ ಗಾಳಿ ಹೊಡೆಸಿ ಮರೆತವರಿಗೆ ನೀರು ಹೆಪ್ಪುಗಟ್ಟುವ ಮೊದಲ ಚಳಿಯ ಬೆಳಿಗ್ಗೆ ಪಂಕ್ಚರ್ ಇಲ್ಲದೆಯೂ ಒತ್ತಡ 25ರ ಅಂಚಿಗೆ ಬಂದಿರುತ್ತದೆ. ಪ್ರತಿ ಐದೂವರೆ ಡಿಗ್ರಿ ಇಳಿತಕ್ಕೆ ಹೆಚ್ಚುಕಡಿಮೆ ಒಂದು ಪಿಎಸ್ಐ ಕಳೆಯುತ್ತದೆ.

ತೊಂದರೆ ಬ್ಯಾಟರಿಯದು. ಅದು ಅಂಟುರಾಳದಲ್ಲಿ ಮುಚ್ಚಿಹೋಗಿದೆ, ಬದಲಿಸಲು ಬರುವುದಿಲ್ಲ. ಆಯಸ್ಸು ಏಳರಿಂದ ಹತ್ತು ವರ್ಷ. ಅತಿ ಕಿರಿಯ ಸಿ5ಗೂ ಈಗ ಇಪ್ಪತ್ತು ದಾಟಿದೆ. ಕಾರ್ಖಾನೆಯಿಂದ ಬಂದ ಸೆನ್ಸರ್‌ಗಳು ಎಂದೋ ಸುಮ್ಮನಾಗಿವೆ. ಹೊಸದು ಹಾಕಿದರೆ ಅದರ ಸಂಖ್ಯೆ ಬೇರೆ. ಕಾರು ಮಾತ್ರ ಹಳೆಯ ನಾಲ್ಕು ಸಂಖ್ಯೆಗಳನ್ನೇ ಕಾಯುತ್ತಿರುತ್ತದೆ. ಹೊಸ ಸಂಖ್ಯೆ ಯಾವುದು, ಅದು ಯಾವ ಮೂಲೆಯ ಚಕ್ರದ್ದು ಎಂದು ಯಾರಾದರೂ ಕಲಿಸಬೇಕು.

ಆ ಕಲಿಸುವ ಕೆಲಸ ನೋಡಲು ಚೆಂದ. ಎಂಜಿನ್ ಚಾಲೂ ಮಾಡದೆ ಕೀಲಿಯನ್ನಷ್ಟೇ ‘ಆನ್’ಗೆ ತಿರುಗಿಸಬೇಕು. ಪರದೆಯ ಮೇಲಿನ ಹಳೆಯ ಸಂದೇಶಗಳನ್ನೆಲ್ಲ ‘ರೀಸೆಟ್’ ಒತ್ತಿ ಅಳಿಸಬೇಕು. ‘ಆಪ್ಷನ್ಸ್’ ಗುಂಡಿಯನ್ನು ಪರದೆ ಖಾಲಿಯಾಗುವವರೆಗೆ ಒತ್ತುತ್ತ ಹೋಗಿ, ಆಮೇಲೆ ‘ರೀಸೆಟ್’ ಅನ್ನು ಕೆಲವು ಕ್ಷಣ ಅದುಮಿ ಹಿಡಿದರೆ ಕಾರು ಪಾಠಕ್ಕೆ ಸಿದ್ಧ. ಮೊದಲು ಎಡ ಮುಂದಿನ ಚಕ್ರವನ್ನು ಕೇಳುತ್ತದೆ. ಇಳಿದು ಹೋಗಿ, ಅಯಸ್ಕಾಂತದ ತೂತನ್ನು ವಾಲ್ವಿನ ಕೊಳವೆಗೆ ತೊಡಿಸಿದಂತೆ ಇಟ್ಟು ಕಾಯಬೇಕು. ಸೆನ್ಸರ್ ಒಳಗಿನ ಪುಟ್ಟ ಸ್ವಿಚ್ಚು ಅಯಸ್ಕಾಂತದ ಸೆಳೆತಕ್ಕೆ ಕೂಡಿಕೊಂಡು ಅದನ್ನು ನಿದ್ದೆಯಿಂದ ಎಬ್ಬಿಸುತ್ತದೆ. ಸಂಖ್ಯೆ ತಲುಪಿದ್ದಕ್ಕೆ ಕಾರು ಹಾರ್ನ್ ಮೂಲಕ ಒಂದು ಚುಟುಕು ‘ಪೀಂ’ ಅನ್ನುತ್ತದೆ. ಆಮೇಲೆ ಬಲ ಮುಂದಿನದು, ಬಲ ಹಿಂದಿನದು, ಕಡೆಗೆ ಎಡ ಹಿಂದಿನದು. ನಮ್ಮವರು ನೋಡಿದರೆ ಪ್ರದಕ್ಷಿಣೆ ಎಂದೇ ಅಂದಾರು. ದಿಕ್ಕೂ ಅದೇ, ಬಲಗೈ ಸದಾ ಕಾರಿನ ಕಡೆಗೆ.

ಕ್ರಮ ತಪ್ಪುವಂತಿಲ್ಲ. ತಪ್ಪಿದರೆ ಮುಂದೊಂದು ದಿನ ಎಡ ಚಕ್ರಕ್ಕೆ ಮೊಳೆ ಹೊಕ್ಕರೆ ಕಾರು ಬಲ ಚಕ್ರದ ಮೇಲೆ ಬೆರಳು ತೋರಿಸುತ್ತದೆ. ಕಂಪನಿ ಇದಕ್ಕೆಂದೇ ಜೆ-41760 ಎಂಬ ಸಂಖ್ಯೆಯ ಉಪಕರಣ ಕೊಟ್ಟಿತ್ತು. ಹೆಸರಿನ ಗತ್ತು ಏನೇ ಇರಲಿ, ಅದೂ ಒಂದು ಅಯಸ್ಕಾಂತವೇ! ಲ್ಯಾಪ್‌ಟಾಪ್ ಬೇಡ, ಡೀಲರ್ ಬಳಿ ಹೋಗಬೇಕಿಲ್ಲ. ಕಾರಿನ ಮಾಲೀಕ ತನ್ನ ಮನೆಯಂಗಳದಲ್ಲೇ ಮುಗಿಸಿಕೊಳ್ಳುವ ಕೆಲಸ. ಮುಂದಿನ, ಹಿಂದಿನ ಚಕ್ರಗಳ ಅಳತೆ ಬೇರೆಯಾದ್ದರಿಂದ ಬೇರೆ ಕಾರುಗಳಂತೆ ಅವನ್ನು ಅದಲುಬದಲು ಮಾಡುವ ಪ್ರಶ್ನೆಯೂ ಇಲ್ಲ. ಒಮ್ಮೆ ಕಲಿಸಿದರೆ ಸೆನ್ಸರ್ ಸಾಯುವವರೆಗೆ ಸಾಕು.

ಕಷ್ಟವೆಲ್ಲ ಟಯರ್ ಅಂಗಡಿಯಲ್ಲಿ. ರನ್-ಫ್ಲ್ಯಾಟ್‌ನ ಗಡುಸು ಗೋಡೆಯನ್ನು ರಿಮ್ಮಿನಿಂದ ಬಿಡಿಸುವಾಗ ಯಂತ್ರದ ಒತ್ತುಗೋಲು ವಾಲ್ವಿನ ಹತ್ತಿರ ಬಂತೋ, ಸೆನ್ಸರ್ ಪುಡಿ. ವಾಲ್ವಿನ ಕೊಳವೆ ಅಲ್ಯೂಮಿನಿಯಂ ಆದ್ದರಿಂದ ಒಳಗಿನ ಪಿನ್ನು ನಿಕಲ್ ಲೇಪದ್ದೇ ಆಗಬೇಕು. ಬರಿಯ ಹಿತ್ತಾಳೆಯದು ಹಾಕಿದರೆ ಎರಡು ಲೋಹ ಸೇರಿ ತುಕ್ಕು ಹಿಡಿದು ಕಚ್ಚಿಕೊಳ್ಳುತ್ತದೆ. ವಾಲ್ವಿಗೆ ಹಾಕುವ ಲೋಹದ ಚೆಂದದ ಮುಚ್ಚಳಗಳ ಕಥೆಯೂ ಇದೇ.

ಇತಿಹಾಸ ಚಿಕ್ಕದು. 1986ರ ಪೋರ್ಷೆ 959 ಇಂಥ ವ್ಯವಸ್ಥೆ ಹೊತ್ತ ಮೊದಲ ಕಾರು. ಕಾರ್ವೆಟ್‌ನಲ್ಲಿ ಇದು 1989ರಲ್ಲೇ ಹೆಚ್ಚುವರಿ ಹಣಕ್ಕೆ ಸಿಗುತ್ತಿತ್ತು. ಆಗೆಲ್ಲ ಇದು ಶೋಕಿಯ ವಸ್ತು. 2000ದಲ್ಲಿ ಫೈರ್‌ಸ್ಟೋನ್ ಕಂಪನಿ 65 ಲಕ್ಷ ಟಯರುಗಳನ್ನು ವಾಪಸು ಕರೆಸಿಕೊಂಡಿತು. ಆ ಟಯರುಗಳ ಪದರ ಕಿತ್ತುಬಂದು, ಮುಖ್ಯವಾಗಿ ಫೋರ್ಡ್ ಎಕ್ಸ್‌ಪ್ಲೋರರ್‌ಗಳು ಮಗುಚಿ, 200ಕ್ಕೂ ಹೆಚ್ಚು ಜನ ಸತ್ತಿದ್ದರು. ಅದೇ ವರ್ಷದ ಕೊನೆಗೆ, ಕಾರುಗಳಲ್ಲಿ ಟಯರಿನ ಒತ್ತಡದ ಎಚ್ಚರಿಕೆ ಇರಬೇಕೆನ್ನುವ ‘ಟ್ರೆಡ್’ ಕಾಯ್ದೆ ಬಂತು. 2007ರ ಸೆಪ್ಟೆಂಬರ್ ಹೊತ್ತಿಗೆ ಅಮೆರಿಕದ ಪ್ರತಿ ಹೊಸ ಕಾರಿಗೂ ಒತ್ತಡದ ಎಚ್ಚರಿಕೆ ಕಡ್ಡಾಯವಾಯಿತು. ಯುರೋಪಿನಲ್ಲಿ 2014ರ ನವೆಂಬರ್‌ನಿಂದ. ಭಾರತ ಕಡ್ಡಾಯ ಮಾಡಲಿಲ್ಲ, ಒಂದು ರಿಯಾಯಿತಿ ಕೊಟ್ಟಿತು. ಟ್ಯೂಬ್‌ಲೆಸ್ ಟಯರು, ಪಂಕ್ಚರ್ ರಿಪೇರಿ ಕಿಟ್ಟು ಮತ್ತು ಈ ಸೆನ್ಸರ್ ವ್ಯವಸ್ಥೆ ಇದ್ದರೆ ಕಾರಿಗೆ ಸ್ಟೆಪ್ನಿ ಬೇಡ ಎಂದು 2020ರಲ್ಲಿ ನಿಯಮ ತಿದ್ದಿತು.

ಕಡ್ಡಾಯವಾದದ್ದೇ ತಡ, ಇದು ದೊಡ್ಡ ವ್ಯಾಪಾರವಾಯಿತು. ಈಗ ಸಂಖ್ಯೆಯಿಲ್ಲದ ಖಾಲಿ ಸೆನ್ಸರ್‌ಗಳು ಬರುತ್ತವೆ. ಅಂಗಡಿಯವರು ಕೈಯಂತ್ರ ಹಿಡಿದು ಕಾರಿನ ಹೆಸರು, ವರ್ಷ ಆರಿಸಿ ಅದಕ್ಕೆ ತಕ್ಕ ಭಾಷೆ ತುಂಬುತ್ತಾರೆ. ಹಳೆಯ ಸೆನ್ಸರ್ ಇನ್ನೂ ಉಸಿರಾಡುತ್ತಿದ್ದರೆ ಅದರ ಸಂಖ್ಯೆಯನ್ನೇ ಹೊಸದಕ್ಕೆ ನಕಲು ಮಾಡುತ್ತಾರೆ, ಕಾರಿಗೆ ಬದಲಾದದ್ದೇ ಗೊತ್ತಾಗುವುದಿಲ್ಲ. ಹೀಗೆ ಮೋಸಹೋಗುವ ಸ್ವಭಾವ ಒಳ್ಳೆಯದಲ್ಲವೆಂದು 2010ರಲ್ಲಿ ರಟ್ಗರ್ಸ್ ಮತ್ತು ಸೌತ್ ಕೆರೊಲಿನಾ ವಿಶ್ವವಿದ್ಯಾಲಯಗಳ ಸಂಶೋಧಕರು ತೋರಿಸಿದರು. ಅವರು ಪರೀಕ್ಷಿಸಿದ ಸೆನ್ಸರ್‌ಗಳ ಮಾತನ್ನು 40 ಮೀಟರ್ ದೂರದಿಂದ ಕದ್ದು ಕೇಳಬಹುದಿತ್ತು. ಓಡುವ ಕಾರಿಗೆ ಸುಳ್ಳು ಎಚ್ಚರಿಕೆಯನ್ನೂ ಕಳಿಸಬಹುದಿತ್ತು. ಹೋಲಿಸಿದರೆ ವಾಲ್ವಿನ ಮೇಲೆಯೇ ಇಡಬೇಕಾದ ಅಯಸ್ಕಾಂತ ಎಷ್ಟೋ ಮರ್ಯಾದಸ್ಥ. ಎಬ್ಬಿಸಬೇಕಾದವನು ಚಕ್ರದ ಪಕ್ಕ ಮಂಡಿಯೂರಲೇಬೇಕು.

ಸಿ5ನ ಮಾಲೀಕರಲ್ಲಿ ಹಲವರು ಈಗ ದುಬಾರಿ ರನ್-ಫ್ಲ್ಯಾಟ್ ಬಿಟ್ಟು ಮೆತ್ತಗಿನ ಮಾಮೂಲಿ ಟಯರಿಗೆ ಬಂದಿದ್ದಾರೆ. ಡಿಕ್ಕಿಯಲ್ಲಿ ರಿಪೇರಿ ಕಿಟ್ಟು, 12 ವೋಲ್ಟಿನ ಪಂಪು. ಸತ್ತ ಸೆನ್ಸರ್‌ಗಳನ್ನು ಹಾಗೇ ಬಿಟ್ಟು, ಎಚ್ಚರಿಕೆ ಬಂದಾಗಲೆಲ್ಲ ‘ರೀಸೆಟ್’ ಒತ್ತಿ ಬಾಯಿ ಮುಚ್ಚಿಸುವವರೂ ಇದ್ದಾರೆ. ಹೊಸ ಟಯರಿಗಾಗಿ ರಿಮ್ ಹೇಗೂ ಬರಿದಾದ ದಿನವೇ ನಾಲ್ಕನ್ನೂ ಬದಲಿಸಿದರೆ ಬಿಚ್ಚುವ ಕೂಲಿ ಉಳಿಯುತ್ತದೆ. ಇಷ್ಟು ಸಲೀಸಾದ ಕೆಲಸವನ್ನು ಕೈಬಿಡುವುದು ನಷ್ಟವೇ ಸರಿ.

ಇನ್ನೊಂದು ಅಡ್ಡಿ ತಲೆಮಾರಿನದು. ಇಂದಿನ ಟಯರ್ ಅಂಗಡಿಯ ಹುಡುಗರು ಕಲಿತದ್ದು ಕೈಯಂತ್ರದ ಮೇಲೆ. ಆ ಯಂತ್ರ ಸೆನ್ಸರ್ ಎಬ್ಬಿಸಲು 125 ಕಿಲೋಹರ್ಟ್ಸ್‌ನ ಅಲೆ ಕಳಿಸುತ್ತದೆ. ಅಯಸ್ಕಾಂತಕ್ಕಷ್ಟೇ ಓಗೊಡುವ ಹಳೆಯ ಬಗೆಯ ಸೆನ್ಸರ್‌ಗೆ ಅದು ಕೇಳಿಸುವುದೇ ಇಲ್ಲ. ಉತ್ತರ ಬಾರದಿದ್ದರೆ ಹುಡುಗ ‘ಸೆನ್ಸರ್ ಸತ್ತಿದೆ’ ಎಂದು ಬಿಲ್ಲಿನ ಮೇಲೆ ಬರೆಯುತ್ತಾನೆ, ಬದುಕಿರುವುದೂ ಕಸದ ಡಬ್ಬಿ ಸೇರುತ್ತದೆ.