ಚಾದರಕ್ಕೊಂದು ಜಾಲತಾಣ

ಚಳಿಗಾಲದ ರಾತ್ರಿ ನೀವು ಏನು ಹೊದ್ದು ಮಲಗುತ್ತೀರಿ? ನಮ್ಮ ಕಡೆಯ ಮನೆಗಳಲ್ಲಿ ಸೊಲ್ಲಾಪುರದ ಚಾದರ ಒಂದಾದರೂ ಇರುತ್ತದೆ. ಅದನ್ನು ಒಮ್ಮೆ ಬಿಡಿಸಿ ನೋಡಿ. ಅದರ ಮೇಲಿನ ಹೂವು, ಬಳ್ಳಿಗಳು ಅಚ್ಚು ಒತ್ತಿದವಲ್ಲ, ನೂಲಿನಿಂದಲೇ ನೇಯ್ದವು. ಒಂದು ಬದಿಯಲ್ಲಿ ಕೆಂಪು ನೆಲದ ಮೇಲೆ ಬಿಳಿ ಹೂವು ಕಂಡರೆ, ಹೊರಳಿಸಿದಾಗ ಬಿಳಿ ನೆಲದ ಮೇಲೆ ಕೆಂಪು ಹೂವು ಕಾಣುತ್ತದೆ.

ಇಂಥ ಚಾದರ ನೇಯುವ ಒಬ್ಬ ಕಾಕಾ ಸೊಲ್ಲಾಪುರದಲ್ಲಿ ಇದ್ದಾರೆಂದು ಭಾವಿಸಿ. ಅವರಿಗೆ ನಾಲ್ಕು ಮಗ್ಗಗಳಿವೆ, ಒಂದು ಚಿಕ್ಕ ಅಂಗಡಿಯಿದೆ. ಅಂಗಡಿಗೆ ಬಂದವರು ಮಾತ್ರ ಅವರ ಚಾದರ ಕೊಳ್ಳುತ್ತಾರೆ. ಪುಣೆಯವರಿಗೆ, ಬೆಂಗಳೂರಿನವರಿಗೆ ಅವರ ಹೆಸರೇ ಗೊತ್ತಿಲ್ಲ. ಎಲ್ಲೋ ನೇಯ್ದ ತೆಳು ಬಟ್ಟೆಯನ್ನು ಸೊಲ್ಲಾಪುರದ್ದೆಂದು ಮಾರುವವರೂ ಇದ್ದಾರೆ. ಹೀಗಾದರೆ ಮಗ್ಗ ನಿಲ್ಲಿಸಬೇಕಾದೀತು ಎಂಬ ಚಿಂತೆ ಕಾಕಾ ಅವರಿಗೆ. ದೂರದ ಜನರೂ ನೋಡುವಂತೆ ತಮ್ಮದೇ ಒಂದು ಜಾಲತಾಣ ಬೇಕೆಂದು ಅವರು ಯೋಚಿಸಿದರು. ಜಾಲತಾಣವನ್ನು ಯಾರು ಕಟ್ಟುತ್ತಾರೆ? ಹೇಗೆ ಕಟ್ಟುತ್ತಾರೆ? ತಿಳಿಯೋಣ ಬನ್ನಿ.

ಜಾಲತಾಣವೆಂದರೆ ಕೆಲವು ಪುಟಗಳು, ಅಷ್ಟೇ. ಆದರೆ ಅವು ಕಾಗದದ ಪುಟಗಳಲ್ಲ. ಹಗಲಿರುಳು ಚಾಲೂ ಇರುವ ಒಂದು ಗಣಕಯಂತ್ರದಲ್ಲಿ ಅವನ್ನು ಇಟ್ಟಿರುತ್ತಾರೆ. ಯಾವ ಊರಿನವರಾದರೂ ತಮ್ಮ ಮೊಬೈಲಿನಲ್ಲಿ ಅವನ್ನು ತೆರೆದು ಓದಬಹುದು. ಟಿಮ್ ಬರ್ನರ್ಸ್-ಲೀ ಎಂಬ ಇಂಗ್ಲೆಂಡಿನ ವಿಜ್ಞಾನಿ 1989ರಲ್ಲಿ ಈ ಯೋಜನೆಯನ್ನು ಮುಂದಿಟ್ಟರು. ಆಗ ಅವರು ಜಿನೀವಾ ನಗರದ ಹತ್ತಿರವಿರುವ ಸರ್ನ್ ಎಂಬ ಸಂಶೋಧನಾ ಕೇಂದ್ರದಲ್ಲಿದ್ದರು. ಜಗತ್ತಿನ ಮೊದಲ ಜಾಲತಾಣ 1991ರಲ್ಲಿ ಎಲ್ಲರಿಗೂ ತೆರೆಯಿತು. 1993ರಲ್ಲಿ ಸರ್ನ್ ಕೇಂದ್ರವು, ಈ ಜಾಲವನ್ನು ಯಾರು ಬೇಕಾದರೂ ಹಣ ಕೊಡದೆ ಬಳಸಬಹುದೆಂದು ಸಾರಿತು. ಆದ್ದರಿಂದಲೇ ನಮ್ಮ ಕಾಕಾ ಯಾರ ಅಪ್ಪಣೆಯನ್ನೂ ಕೇಳಬೇಕಾಗಿಲ್ಲ.

ಜಾಲತಾಣ ಕಟ್ಟಲು ದೊಡ್ಡ ಕಂಪನಿಗಳಿವೆ. ಯಾವ ಕಂಪನಿಯಲ್ಲೂ ನೌಕರಿ ಮಾಡದೆ, ಸ್ವತಂತ್ರವಾಗಿ ದುಡಿಯುವ ವಿನ್ಯಾಸಕರೂ ಇದ್ದಾರೆ. ಊರಿನ ದರ್ಜಿಯ ಹಾಗೆ ಇವರು. ಬಂದ ಗಿರಾಕಿಯ ಅಳತೆ ತೆಗೆದುಕೊಂಡು ಕೆಲಸ ಮಾಡಿಕೊಡುತ್ತಾರೆ, ಕೂಲಿ ಪಡೆಯುತ್ತಾರೆ. ತಿಂಗಳ ಸಂಬಳದ ಭರವಸೆ ಇವರಿಗಿಲ್ಲ. ಕಾಕಾ ಅವರಿಗೆ ಸಿಕ್ಕಿದವಳು ಅಕ್ಕಲಕೋಟೆಯ ಒಬ್ಬ ವಿನ್ಯಾಸಕಿ.

ಮೊದಲ ದಿನ ಅವಳು ಗಣಕಯಂತ್ರವನ್ನು ತೆರೆಯಲೇ ಇಲ್ಲ. ಒಂದು ವಹಿ, ಒಂದು ಪೆನ್ಸಿಲು ಹಿಡಿದು ಅಂಗಡಿಯಲ್ಲಿ ಕುಳಿತಳು.

"ಒಂದು ಚಂದನೆಯ ಜಾಲತಾಣ ಮಾಡಿಕೊಡವ್ವಾ" ಎಂದರು ಕಾಕಾ.

"ಮಾಡೋಣ ಕಾಕಾ. ಅದನ್ನು ನೋಡುವವರು ಯಾರು?"

"ಯಾರು ಅಂದರೆ? ಎಲ್ಲರೂ ನೋಡಲಿ!"

"ಆಗಲಿ. ಅಂಗಡಿಗೆ ಬಂದವರು ಮೊದಲು ಏನು ಕೇಳುತ್ತಾರೆ, ಅದನ್ನು ಹೇಳಿ."

ಕಾಕಾ ತುಸು ಯೋಚಿಸಿದರು. "ಬೆಲೆ ಎಷ್ಟು ಅನ್ನುತ್ತಾರೆ. ಉದ್ದ-ಅಗಲ ಕೇಳುತ್ತಾರೆ. ತೊಳೆದರೆ ಬಣ್ಣ ಹೋಗುತ್ತದೆಯೇ ಎಂದು ಪ್ರತಿಯೊಬ್ಬರೂ ಕೇಳುತ್ತಾರೆ."

ಅವಳು ಈ ಮೂರನ್ನೂ ಬರೆದುಕೊಂಡಳು. ಮೊದಲ ಪುಟದಲ್ಲಿ ಇರಬೇಕಾದದ್ದು ಇವುಗಳ ಉತ್ತರವೇ. ಕಾಕಾ ಅವರಿಗೆ ಬೇರೆ ಆಸೆಗಳೂ ಇದ್ದವು. ತಮ್ಮ ಅಜ್ಜನ ಭಾವಚಿತ್ರ ಮೊದಲ ಪುಟದ ತುಂಬ ಬರಬೇಕು, ಜಾಲತಾಣ ತೆರೆದ ಕೂಡಲೇ ಹಾಡು ಕೇಳಿಸಬೇಕು ಎಂದರು. ಅಜ್ಜನಿಗೆ 'ನಮ್ಮ ಮನೆತನ' ಎಂಬ ಬೇರೊಂದು ಪುಟ ಸಿಕ್ಕಿತು. ಹಾಡಿಗೆ ಮಾತ್ರ ಅವಳು ಒಪ್ಪಲಿಲ್ಲ. ಬಸ್ಸಿನಲ್ಲಿ ಕುಳಿತವರ ಮೊಬೈಲಿನಿಂದ ಥಟ್ಟನೆ ಹಾಡು ಬಂದರೆ ಅವರು ಗಾಬರಿಯಾಗಿ ಪುಟವನ್ನೇ ಮುಚ್ಚಿಬಿಡುವುದಿಲ್ಲವೇ? ಗಿರಾಕಿ ಹೇಳಿದ್ದಕ್ಕೆಲ್ಲ ಹೂಂಗುಟ್ಟುವವರು ಒಳ್ಳೆಯ ವಿನ್ಯಾಸಕರಲ್ಲ.

ಬಳಿಕ ಒಪ್ಪಂದ. ಎಷ್ಟು ಪುಟ, ಎಷ್ಟು ದಿನ, ಎಷ್ಟು ಹಣ, ಎಷ್ಟು ಸಲ ತಿದ್ದಿಕೊಡಬೇಕು, ಇವನ್ನೆಲ್ಲ ಕಾಗದದ ಮೇಲೆ ಬರೆದು ಇಬ್ಬರೂ ಸಹಿ ಹಾಕಿದರು. ಅರ್ಧ ಹಣ ಮುಂಗಡ, ಉಳಿದದ್ದು ಕೆಲಸ ಮುಗಿದ ಮೇಲೆ. ಬಾಯಿಮಾತಿನಲ್ಲಿ ಬಿಟ್ಟರೆ ಮುಂದೆ ಜಗಳವಾಗುವುದುಂಟು.

ಈಗ ಹೆಸರಿನ ವಿಷಯ. ಇದು ಬಹಳ ಮುಖ್ಯ, ಗಮನವಿಟ್ಟು ಓದಿ. ಜಾಲದಲ್ಲಿರುವ ಪ್ರತಿಯೊಂದು ಗಣಕಯಂತ್ರಕ್ಕೂ ಉದ್ದನೆಯ ಸಂಖ್ಯೆಯ ವಿಳಾಸವಿರುತ್ತದೆ. ಆ ಸಂಖ್ಯೆಗಳನ್ನು ನಾವು ನೆನಪಿಡುವುದು ಕಷ್ಟ. ಅದಕ್ಕಾಗಿ ಸಂಖ್ಯೆಯ ಬದಲು ಹೆಸರು ಬಳಸುವ ವ್ಯವಸ್ಥೆಯನ್ನು 1983ರಲ್ಲಿ ರೂಪಿಸಿದರು. '.ಕಾಮ್', '.ಇನ್' ಎಂದು ಕೊನೆಯಾಗುವ ಹೆಸರುಗಳನ್ನು ನೀವು ಕೇಳಿರಬಹುದು. ಕನ್ನಡ ಲಿಪಿಯಲ್ಲೇ '.ಭಾರತ' ಎಂಬ ಕೊನೆಯೂ ಇದೆ. ಈ ಹೆಸರನ್ನು ಯಾರೂ ಶಾಶ್ವತವಾಗಿ ಕೊಳ್ಳಲಾರರು. ವರ್ಷಕ್ಕಿಷ್ಟು ಎಂದು ಹಣ ಕಟ್ಟಿ ಇಟ್ಟುಕೊಳ್ಳಬೇಕು. ಕಟ್ಟುವುದನ್ನು ಮರೆತರೆ ಜಾಲತಾಣ ನಿಂತುಹೋಗುತ್ತದೆ. ಕೆಲವು ವಾರಗಳ ನಂತರ ಬೇರೆ ಯಾರಾದರೂ ಆ ಹೆಸರನ್ನು ಪಡೆದುಕೊಳ್ಳಬಹುದು. ಇನ್ನೊಂದು ಮಾತು. ಹೆಸರು ವಿನ್ಯಾಸಕಿಯ ಖಾತೆಯಲ್ಲಿದ್ದು ಮುಂದೆ ಅವಳು ಸಿಗದೆ ಹೋದರೆ ಕಾಕಾ ಏನು ಮಾಡಬೇಕು? ಆದುದರಿಂದ ಅವಳು ಹೆಸರನ್ನು ಕಾಕಾ ಅವರ ಖಾತೆಯಲ್ಲೇ ನೋಂದಾಯಿಸಿದಳು. ಪುಟಗಳನ್ನಿಡಲು ಗಣಕಯಂತ್ರದಲ್ಲಿ ಬಾಡಿಗೆ ಜಾಗವೂ ಬೇಕು. ಅದೂ ಅವರ ಹೆಸರಿನಲ್ಲೇ ಆಯಿತು.

ಆಮೇಲೆ ಅವಳು ಪುಟಗಳ ನಕ್ಷೆಯನ್ನು ಕಾಗದದಲ್ಲಿ ಬರೆದಳು. ಇಲ್ಲಿ ಚಿತ್ರ, ಇಲ್ಲಿ ಬೆಲೆ, ಇಲ್ಲಿ ದೂರವಾಣಿ ಸಂಖ್ಯೆ. ಕಾಗದದಲ್ಲಿ ಅಳಿಸಿ ತಿದ್ದುವುದು ಸುಲಭ.

ನಕ್ಷೆಗೆ ಕಾಕಾ ಒಪ್ಪಿದ ಮೇಲೆ ನೇಯ್ಗೆ ಶುರು. ಎಚ್.ಟಿ.ಎಂ.ಎಲ್. ಎಂಬ ಸಂಕೇತ ಭಾಷೆ ಇಲ್ಲಿ ಹಾಸು ಇದ್ದಂತೆ. ಇದು ಶೀರ್ಷಿಕೆ, ಇದು ಪ್ಯಾರಾ, ಇದು ಚಿತ್ರ ಎಂದು ಗಣಕಯಂತ್ರಕ್ಕೆ ಅದು ಹೇಳುತ್ತದೆ. ಬಣ್ಣ, ಅಕ್ಷರದ ಗಾತ್ರ, ಅಂಚುಗಳನ್ನು ಸಿ.ಎಸ್.ಎಸ್. ಎಂಬ ಇನ್ನೊಂದು ಭಾಷೆ ನೋಡಿಕೊಳ್ಳುತ್ತದೆ. ಯಂತ್ರಕ್ಕೆ ಸಂಕೇತದಿಂದ ಹೇಳುವುದು ಮಗ್ಗದವರಿಗೆ ಹೊಸದಲ್ಲ. ಫ್ರಾನ್ಸಿನ ಜಕಾರ್ಡ್ ಎಂಬಾತ ಸುಮಾರು 1804ರಲ್ಲಿ ರಟ್ಟಿನ ಪಟ್ಟಿಗಳಲ್ಲಿ ರಂಧ್ರ ಕೊರೆದು, ಯಾವ ನೂಲು ಮೇಲೇಳಬೇಕೆಂದು ಮಗ್ಗಕ್ಕೆ ಹೇಳುವ ಉಪಾಯ ಮಾಡಿದ. ಸೊಲ್ಲಾಪುರದ ಚಾದರದ ಹೂವುಗಳು ಅರಳುವುದು ಜಕಾರ್ಡ್ ಮಗ್ಗದಲ್ಲಿಯೇ. ಮುಂದೆ ಹಳೆಯ ಗಣಕಯಂತ್ರಗಳಿಗೂ ಇಂಥ ರಂಧ್ರದ ಪಟ್ಟಿಗಳನ್ನೇ ಉಣಿಸುತ್ತಿದ್ದರು!

ಕಾಕಾ ಅವರ ಪುಟಗಳು ಮರಾಠಿ, ಕನ್ನಡ ಎರಡರಲ್ಲೂ ಇರಬೇಕಾಗಿತ್ತು. ಗಣಕಯಂತ್ರಕ್ಕೆ ಕನ್ನಡ ಬರುತ್ತದೆಯೇ? ನಿಜ ಹೇಳಬೇಕೆಂದರೆ ಅದಕ್ಕೆ ಯಾವ ಭಾಷೆಯೂ ಬಾರದು, ಸಂಖ್ಯೆ ಮಾತ್ರ ಬರುತ್ತದೆ. ಅದಕ್ಕಾಗಿ ಜಗತ್ತಿನ ಲಿಪಿಗಳ ಒಂದೊಂದು ಅಕ್ಷರಕ್ಕೂ ಒಂದೊಂದು ಸಂಖ್ಯೆ ಕೊಟ್ಟಿದ್ದಾರೆ. ಈ ಪದ್ಧತಿಗೆ ಯುನಿಕೋಡ್ ಎಂದು ಹೆಸರು. 1991ರ ಅದರ ಮೊದಲ ಆವೃತ್ತಿಯಲ್ಲೇ ಕನ್ನಡ ಸೇರಿತ್ತು. ಅದರಲ್ಲಿ 'ಕ' ಅಕ್ಷರದ ಸಂಖ್ಯೆ 3221. 'ಕನ್ನಡ' ಎಂದು ಬರೆದರೆ ಗಣಕಯಂತ್ರದಲ್ಲಿ 3221, 3240, 3277, 3240, 3233 ಎಂಬ ಐದು ಸಂಖ್ಯೆಗಳು ಕುಳಿತುಕೊಳ್ಳುತ್ತವೆ. ನಮಗೆ ಮೂರೇ ಅಕ್ಷರ, ಅದಕ್ಕೆ ಐದು ಸಂಖ್ಯೆ! ಏಕೆಂದರೆ ಒತ್ತಕ್ಷರವನ್ನು ಅದು ನ, ಅರ್ಧಾಕ್ಷರದ ಚಿಹ್ನೆ, ಮತ್ತೆ ನ ಎಂದು ಬಿಡಿಸಿಕೊಳ್ಳುತ್ತದೆ.

ಚಿತ್ರಗಳ ಕೆಲಸಕ್ಕೆ ತಾಳ್ಮೆ ಬೇಕು. ಮೊಬೈಲಿನಲ್ಲಿ ತೆಗೆದ ಒಂದು ಫೋಟೊ 4 ಎಂ.ಬಿ. ಇತ್ತೆನ್ನಿ. ಅಂಥ ಹತ್ತು ಫೋಟೊ ಹಾಕಿದರೆ ಪುಟದ ಭಾರ 40 ಎಂ.ಬಿ. ಆಗುತ್ತದೆ. ಜಾಲದ ವೇಗ ಕಡಿಮೆಯಿರುವ ಹಳ್ಳಿಯಲ್ಲಿ ಅದು ತೆರೆಯುವಷ್ಟರಲ್ಲಿ ನೋಡುವವರಿಗೆ ಬೇಸರ ಬಂದೀತು. ಅವಳು ಪ್ರತಿ ಫೋಟೊವನ್ನು 200 ಕೆ.ಬಿ.ಗೆ ಇಳಿಸಿದಳು. ಹತ್ತೂ ಸೇರಿ ಸುಮಾರು 2 ಎಂ.ಬಿ. ಆದವು. ಒಂದೊಂದು ಫೋಟೊದ ಹಿಂದೆ 'ಕೆಂಪು ನೆಲ, ಬಿಳಿ ಹೂವಿನ ಚಾದರ' ಎಂಬಂತೆ ನಾಲ್ಕು ಮಾತು ಬರೆದಳು. ಅದು ಪುಟದಲ್ಲಿ ಕಾಣಿಸದು. ಕಣ್ಣು ಕಾಣದವರ ಮೊಬೈಲು ಅದನ್ನು ಗಟ್ಟಿಯಾಗಿ ಓದಿ ಹೇಳುತ್ತದೆ.

ಎಲ್ಲ ಮುಗಿದ ಮೇಲೆ ಪರೀಕ್ಷೆ. ಚಿಕ್ಕ ಮೊಬೈಲು, ದೊಡ್ಡ ಮೊಬೈಲು, ಗಣಕಯಂತ್ರ, ಎಲ್ಲದರಲ್ಲೂ ತೆರೆದು ನೋಡಿದಳು. ಪುಟದಲ್ಲಿದ್ದ ದೂರವಾಣಿ ಸಂಖ್ಯೆಯನ್ನು ಒತ್ತಿದಾಗ ಕರೆ ಹೋದದ್ದು ಕಾಕಾ ಅವರಿಗಲ್ಲ, ಬೇರೆ ಯಾರಿಗೋ! ಕಾಕಾ ಬರೆದುಕೊಟ್ಟ ಚೀಟಿಯಲ್ಲಿ 7 ಎಂಬುದು 1ರ ಹಾಗೆ ಕಾಣುತ್ತಿತ್ತು. ಒಂದು ಅಂಕಿ ತಪ್ಪಿದ್ದರೆ ಇಷ್ಟು ದಿನದ ದುಡಿಮೆಯಿಂದ ಒಂದು ಚಾದರವೂ ಮಾರಾಟವಾಗುತ್ತಿರಲಿಲ್ಲ.

ಅಂಕಿ ತಿದ್ದಿಯಾಯಿತು. ಜಾಲತಾಣ ಎಲ್ಲರಿಗೂ ತೆರೆಯಿತು. ಉಳಿದ ಹಣವನ್ನು ಪಡೆದು, ಗುಪ್ತಪದಗಳನ್ನೆಲ್ಲ ಅವಳು ಕಾಕಾ ಅವರಿಗೆ ಒಪ್ಪಿಸಿದಳು. ಹೆಸರಿಗೆ ಹಣ ಕಟ್ಟುವ ತಾರೀಖನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಮಾಡಿದಳು. ಏಳನೆಯ ಇಯತ್ತೆಯಲ್ಲಿ ಓದುವ ಕಾಕಾ ಅವರ ಮೊಮ್ಮಗಳಿಗೆ ಬೆಲೆ ಬದಲಿಸುವುದನ್ನು ಕಲಿಸಿಕೊಟ್ಟಳು. ಮುಂದಿನ ತಿಂಗಳು ನೂಲಿನ ದರ ಏರಿದಾಗ ಬೆಲೆ ಬದಲಿಸಿದ್ದು ಆ ಹುಡುಗಿಯೇ.